ಯಾವುದು ಮೊದಲು ಬಾಡುತ್ತೆ?

ಮದುವೆಗೆ ಇನ್ನೂ ಏಳು ತಿಂಗಳಿರುವಾಗಲೇ ಅಕ್ಕನ ಮಗಳು ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿಟ್ಟುಕೊಂಡಿದ್ದಳು. ಒಟ್ಟು 14 ಸಾಲು. ಕರೆಯೋಲೆ, ತಾಂಬೂಲದ ಚೀಲ, ಆರತಿ ತಟ್ಟೆ, ಅಂತರಪಟ, ಕೊಬ್ಬರಿ ಬಟ್ಟಲು, ಗೆಜ್ಜೆವಸ್ತ್ರ, ವೇದಿಕೆಯ ಹಿಂದಿನ ಚಿತ್ತಾರ, ಮೊಗ್ಗಿನ ಜಡೆ, ಹೀಗೆ. ಎಲ್ಲವನ್ನೂ ಮನೆಯಲ್ಲೇ, ಕೈಯಾರೆ ಮಾಡಬೇಕೆಂಬ ಹಟ. ಪ್ರತಿ ಸಾಲಿನ ಎದುರು ಖರ್ಚು, ಬೇಕಾದ ಸಾಮಾನು, ಎಲ್ಲಿ ಸಿಗುತ್ತದೆ ಎಂಬುದೆಲ್ಲ ಬಣ್ಣಬಣ್ಣದ ಚೌಕಗಳಲ್ಲಿ ತುಂಬಿತ್ತು. ನಮ್ಮಮ್ಮ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಮೇಲಿಂದ ಕೆಳಗೆ ಓದಿದಳು.

“ಎಲ್ಲಾ ಚೆನ್ನಾಗಿದೆ ಕಣೇ. ಆದ್ರೆ ಇದ್ರಲ್ಲಿ ಯಾವ್ದು ಮೊದ್ಲು ಬಾಡುತ್ತೆ ಅಂತಲೇ ಬರ್ದಿಲ್ವಲ್ಲ?”

ಹುಡುಗಿ ನಕ್ಕಳು. “ಅಜ್ಜೀ, ತಾಂಬೂಲದ ಚೀಲ ಎಲ್ಲಾದ್ರೂ ಬಾಡುತ್ತಾ?”

“ಬಾಡಲ್ಲ. ಅದಕ್ಕೇ ಅದನ್ನ ಈಗ್ಲೇ ಹೊಲಿದು ಮೂಲೇಲಿಡು. ಜಡೆ ಬಾಡುತ್ತೆ. ಅದನ್ನ ಮುಹೂರ್ತದ ದಿನ ಬೆಳಿಗ್ಗೆ ಮಾಡ್ಬೇಕು. ಅವತ್ತು ಬೆಳಿಗ್ಗೆ ನೀನು ಬೇರೆ ಏನೂ ಮಾಡೋ ಹಾಗಿಲ್ಲ.”

ಅವತ್ತು ಸಂಜೆ ಪಟ್ಟಿಯ ಸಾಲುಗಳೆಲ್ಲ ಮೇಲೆ ಕೆಳಗಾದವು. ನನಗೂ ಅಂದೇ ಹೊಳೆದದ್ದು: ಛತ್ರದ ಕಾಂಟ್ರ್ಯಾಕ್ಟ್ ಬರುವ ಮುಂಚಿನ ನಮ್ಮ ಮದುವೆಮನೆಗಳಿಗೆ ಒಂದು ಲೆಕ್ಕವಿತ್ತು, ಬಾಡುವ ಲೆಕ್ಕ. ತಡವಾಗಿ ಕೆಡುವುದನ್ನು ಮೊದಲು ಮಾಡು, ಬೇಗ ಕೆಡುವುದನ್ನು ಕೊನೆಗಿಡು. ಯಾರೂ ಅದನ್ನು ಬರೆದಿಡಲಿಲ್ಲ. ಆದರೆ ಕಸೂತಿಯಿಂದ ಹಿಡಿದು ಮಲ್ಲಿಗೆ ಮೊಗ್ಗಿನವರೆಗೆ ಪ್ರತಿ ಕೈಕೆಲಸವೂ ಆ ಲೆಕ್ಕದಲ್ಲಿ ತನ್ನ ಜಾಗ ಹಿಡಿದು ಕೂತಿತ್ತು. ಈಗ ‘ಡಿಐವೈ’ ಎಂದು ಹೇಳಿಕೊಂಡು ತಮ್ಮ ಮದುವೆಗೆ ತಾವೇ ಏನಾದರೂ ಮಾಡಿಕೊಳ್ಳಲು ಹೊರಟ ಹುಡುಗ ಹುಡುಗಿಯರು ಹೆಚ್ಚಿನವರು ಎಡವುವುದು ಕೌಶಲದಲ್ಲಲ್ಲ, ಈ ಲೆಕ್ಕದಲ್ಲಿ.

ಬಾಡದ್ದು: ಎಳೆ ಎಣಿಸಿ ಹಾಕುವ ಕಸೂತಿ

ಬೀಗರು ಧಾರವಾಡದವರು. ಹುಡುಗಿಗೆ ಇಳಕಲ್ ಸೀರೆಯ ಮೇಲೆ ಸ್ವಲ್ಪವಾದರೂ ಕಸೂತಿಯನ್ನು ತಾನೇ ಹಾಕಬೇಕೆಂಬ ಆಸೆ. ಉತ್ತರ ಕರ್ನಾಟಕದ ಕಡೆ ಮದುವಣಗಿತ್ತಿಗೆ ಕಸೂತಿ ಹಾಕಿದ ಚಂದ್ರಕಾಳಿ ಸೀರೆ ಕೊಡುವ ಸಂಪ್ರದಾಯವಿತ್ತು. ಹೆಸರೇ ಹೇಳುವ ಹಾಗೆ ಅದರ ಮೈ ಕಪ್ಪು. ನಮ್ಮ ಹಳೇ ಮೈಸೂರಿನ ಅಜ್ಜಿಯರು ಮದುವೆಮನೆಗೆ ಕಪ್ಪು ಬಟ್ಟೆ ಸೇರಿಸುತ್ತಿರಲಿಲ್ಲ. ಅಲ್ಲಿ ಮದುವಣಗಿತ್ತಿಯ ಮೈಮೇಲೇ ಕಪ್ಪು ಸೀರೆ! ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಮಗ್ಗದಲ್ಲಿ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ನೆಲದ ಮೇಲೆ ಬಿಳಿ ವಿನ್ಯಾಸದ ಆ ಸೆರಗಿಗೆ ತೋಪು ತೆನೆ ಎಂದು ಹೆಸರು. ಕಸೂತಿಯವರ ಕೆಲಸ ಅಲ್ಲಿಂದ ಮುಂದೆ, ಸೆರಗಿನ ಪಕ್ಕದ ಮೈಯಲ್ಲಿ ಶುರುವಾಗುತ್ತದೆ.

ಕಸೂತಿಗೆ ಪೆನ್ಸಿಲ್ಲಿನ ಗೆರೆ ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಚುಚ್ಚಬೇಕು. ಒಂದೆಳೆ ತಪ್ಪಿದರೆ ಆನೆಯ ಸೊಂಡಿಲು ಓರೆಯಾಗುತ್ತದೆ, ಗೋಪುರ ವಾಲುತ್ತದೆ. ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ದಾರ ಒಂದು ಸಲ ಬಿಟ್ಟು ಬಿಟ್ಟು ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುತ್ತದೆ. ಮುರಗಿ ಅದೇ ಹೊಲಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತದೆ. ನೇಗಿ ನೇಯ್ದಂತೆಯೇ ಕಾಣುತ್ತದೆ. ಮೆಂತಿ ಎಂದರೆ ಮೆಂತ್ಯದ ಕಾಳು ಚೆಲ್ಲಿದ ಹಾಗೆ ಒತ್ತೊತ್ತಾಗಿ ಬೀಳುವ ಅಡ್ಡ ಹೊಲಿಗೆ. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಮೈ ಒಂದೇ ಥರ ಕಾಣಬೇಕು. ಗಂಟಂತೂ ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು.

ಹುಡುಗಿ ದಸರಾ ರಜೆಯಲ್ಲಿ ಶುರು ಮಾಡಿದಳು. ಅಂಗೈಯಗಲದ ತುಳಸಿಕಟ್ಟೆ, ಅದರ ಎರಡು ಬದಿಗೆ ಒಂದೊಂದು ನವಿಲು. ಮೂರು ಸಲ ಬಿಚ್ಚಿದಳು. ಸಂಕ್ರಾಂತಿಗೆ ಬೀಗಿತ್ತಿ ಬಂದಾಗ ಹೆಮ್ಮೆಯಿಂದ ಮುಂದೆ ಹರವಿದರೆ ಅವರು ಮೇಲಿನ ಮೈಯನ್ನು ನೋಡಲೇ ಇಲ್ಲ.

“ಹೊಳ್ಳಿಸಿ ತೋರ್ಸವಾ, ಹಿಂದ ನೋಡೂಣು. ಮುಂದ ಎಲ್ಲಾರೂ ಚಂದ ಹಾಕ್ತಾರ. ಹಿಂದ ನೋಡಿದ್ರ ಕೈ ಗೊತ್ತಾಗ್ತದ.”

ಹಿಂದೆ ಎರಡು ಗಂಟಿದ್ದವು. ಅವರು ಬೈಯಲಿಲ್ಲ. ಗಂಟನ್ನು ಉಗುರಿನಿಂದ ಸವರಿ, “ಇರ್ಲಿ ಬಿಡು, ಇವು ನಿನ್ನ ಗುರ್ತು” ಎಂದು ಮಡಚಿಟ್ಟರು. ಸೀರೆಯ ಉಳಿದ ಕಸೂತಿಯನ್ನು ಧಾರವಾಡದ ಕಡೆಯ ಹೆಂಗಸರಿಗೆ ಕೊಟ್ಟು ಮಾಡಿಸಿದ್ದಾಯಿತು. ಯಂತ್ರದ ಕಸೂತಿಯನ್ನು ಕೈಯದೆಂದು ಮಾರುವ ಕಾಲದಲ್ಲಿ ಬೀಗಿತ್ತಿಯ ಪರೀಕ್ಷೆ ಯಾರಿಗೂ ಉಪಯೋಗಕ್ಕೆ ಬಂದೀತು: ಬಟ್ಟೆ ಮಗುಚಿ ನೋಡಿ. ಯಂತ್ರದ್ದಾದರೆ ಹಿಂದೆ ದಾರದ ಗೋಜಲಿರುತ್ತದೆ, ಇಲ್ಲವೇ ಕಾಗದದಂಥ ಅಸ್ತರು ಅಂಟಿರುತ್ತದೆ.

ಒಂದು ತಿಂಗಳು ತಾಳುವುದು: ಕೊಬ್ಬರಿ ಬಟ್ಟಲು

ಎರಡನೆಯ ಸಾಲಿಗೆ ಅಮ್ಮ ತನ್ನ ತವರನ್ನೇ ತಂದು ಕೂರಿಸಿದಳು. ತಿಪಟೂರಿನ ಕಡೆ ಕೊಬ್ಬರಿ ಮಾಡಲು ತೆಂಗಿನಕಾಯಿಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಬಲಿತ ಕಾಯಿಯನ್ನು ಇಡಿಯಾಗಿ ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಸದ್ದು ಬರುತ್ತದೆ. ಆಗ ಚಿಪ್ಪು ಒಡೆದರೆ ಚೆಂಡಿನಂಥ ಉಂಡೆ ಕೊಬ್ಬರಿ ಇಡಿಯಾಗಿ ಕೈಗೆ ಬರುತ್ತದೆ. ಮದುವೆಯ ಕೆತ್ತನೆಗೆ ಬೇಕಾದದ್ದು ಇದೇ, ಸೀಳಿಲ್ಲದ್ದು, ದಪ್ಪ ಮೈಯದ್ದು.

ಮೇಲಿನ ಕಂದು ಸಿಪ್ಪೆಯನ್ನು ಹೆರೆದರೆ ದಂತದ ಬಿಳುಪು. ಚೂಪು ಚಾಕುವಿನ ತುದಿಯಲ್ಲಿ ಅದರ ಮೇಲೆ ಬಳ್ಳಿ, ಹಂಸ, ಕಮಲ, ಹುಡುಗ ಹುಡುಗಿಯ ಹೆಸರಿನ ಮೊದಲಕ್ಷರ. ನಡುವೆ ಸೀಳಿ ಬಟ್ಟಲು ಮುಚ್ಚಳ ಮಾಡಿ ಸಕ್ಕರೆ ತುಂಬಿಸುವವರಿದ್ದಾರೆ. ಅಂಚಿಗೆ ಲವಂಗ ಚುಚ್ಚಿ, ಜರಿ ಸುತ್ತಿ ಆರತಿ ತಟ್ಟೆಗೆ ಇಡುವವರೂ ಇದ್ದಾರೆ. ಮದುವೆ, ಸೀಮಂತಗಳಲ್ಲಿ ಒಂದು ಮೇಜಿನ ತುಂಬ ಇಂಥವನ್ನೇ ಜೋಡಿಸಿಟ್ಟು ಬೀಗರ ಕಣ್ಣಿಗೆ ಬೀಳುವಂತೆ ಮಾಡುವುದು ಆ ಮನೆಯ ಹೆಂಗಸರ ಪ್ರತಿಷ್ಠೆಯ ಪ್ರಶ್ನೆ. ಅಮ್ಮ ಎಂಟು ಗಿಟುಕು ಕೆತ್ತಿದಳು, ಮೊಮ್ಮಗಳು ಎರಡು. ಹೆರೆದ ಪುಡಿಯೆಲ್ಲ ಬೆಲ್ಲದ ಜೊತೆ ನಮ್ಮ ಹೊಟ್ಟೆಗೆ ಹೋಯಿತು.

ಇದಕ್ಕೆ ಅಮ್ಮ ಕೊಟ್ಟ ಗಡುವು ಮದುವೆಗೆ ಒಂದು ತಿಂಗಳು. ಅದಕ್ಕೂ ಮೊದಲೇ ಸಿಪ್ಪೆ ತೆಗೆದಿಟ್ಟರೆ ಬಿಳಿ ಮೈಯ ಎಣ್ಣೆ ಹೊರಗೆ ಬಂದು ಹಳದಿಗಟ್ಟುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ. ತೀರ ತಡ ಮಾಡಿದರೆ ಅವಸರದಲ್ಲಿ ಚಾಕು ಜಾರುತ್ತದೆ. ಸೀಳಿದ ಕೊಬ್ಬರಿಯನ್ನು ಅಂಟಿಸಲು ಬರುವುದಿಲ್ಲ, ಚಟ್ನಿಗೇ ಹಾಕಬೇಕು.

ಬತ್ತಿ, ಗೆಜ್ಜೆವಸ್ತ್ರಗಳಿಗೆ ಗಡುವೇ ಇಲ್ಲ. ಹತ್ತಿಯನ್ನು ಬಿಡಿಸಿ, ಹಾಲಿನಲ್ಲಿ ಬೆರಳ ತುದಿ ಅದ್ದಿ ಹೊಸೆದು, ನಡುನಡುವೆ ಗೆಜ್ಜೆಯ ಹಾಗೆ ಉಬ್ಬು ಬಿಟ್ಟು, ಕುಂಕುಮ ಸವರುವ ಕೆಲಸ. ಟಿವಿ ನೋಡುತ್ತಲೇ ಮಾಡಬಹುದು, ಜಗಳ ಆಡುತ್ತಲೇ ಮಾಡಬಹುದು. ಕೈ ಖಾಲಿ ಇರುವವರಿಗೆಲ್ಲ ಕೊಡಲು ಒಂದು ಕೆಲಸ ಬೇಕಲ್ಲ, ಮದುವೆಮನೆಗೆ ಇದು ಆ ಕೆಲಸ. ಅಮೆರಿಕದಿಂದ ಬಂದ ಚಿಕ್ಕಪ್ಪನ ಸೊಸೆ ಒಂದು ಡಬ್ಬಿ ಗೆಜ್ಜೆವಸ್ತ್ರವನ್ನು ಅಲ್ಲೇ ಮಾಡಿಕೊಂಡು ಸೂಟ್‌ಕೇಸಿನಲ್ಲಿ ತಂದಿದ್ದಳು. ಬಾಡದ ಕೆಲಸಕ್ಕೆ ದೂರವೂ ಅಡ್ಡಿಯಲ್ಲ.

ಬಿಸಿಲು ಕೇಳುವುದು

ವೈಶಾಖದ ಮದುವೆಗೆ ಒಂದು ಅನುಕೂಲವಿದೆ. ಫಾಲ್ಗುಣ, ಚೈತ್ರದ ಬಿಸಿಲು ಹಪ್ಪಳ ಸಂಡಿಗೆಗೆ ಸಿಗುತ್ತದೆ. ಹಳೇ ಮೈಸೂರಿನ ತಾರಸಿಗಳಲ್ಲಿ ಅರಳು ಸಂಡಿಗೆ ಒಣಗಿದರೆ, ಧಾರವಾಡದ ಕಡೆ ಕೋಲಿನ ಮೇಲೆ ಶಾವಿಗೆ ಇಳಿಬಿಟ್ಟಿರುತ್ತಾರೆ. ಅಲ್ಲಿಯ ಮದುವೆಮನೆಯ ಹೆಂಗಸರು ಶಾವಿಗೆಯೊಂದಕ್ಕೇ ನಿಲ್ಲುವವರಲ್ಲ. ಹಿಟ್ಟಿನ ಎಳೆಯನ್ನು ಬೆರಳುಗಳ ನಡುವೆ ಹೊಸೆದು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಗವಲಿ. ಸೌತೆಕಾಯಿಯ ಬೀಜದ ಆಕಾರಕ್ಕೆ ತಂದರೆ ಸವತಿಬೀಜ. ಸೇರುಗಟ್ಟಲೆ ಆಗಬೇಕಾದರೆ ಒಬ್ಬಳು ಎರಡು ವಾರ ಕೂರಬೇಕು, ಹತ್ತು ಜನ ಸೇರಿದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಓಣಿಯ ಹೆಂಗಸರು ಕರೆಯದೆಯೇ ಬಂದು ಕೂರುತ್ತಿದ್ದುದು ಇದಕ್ಕೆ. ನಾಳೆ ಅವರ ಮನೆಯಲ್ಲಿ ಮದುವೆ, ಅಲ್ಲಿಗೆ ಇವರು. ಲೆಕ್ಕ ಎಲ್ಲೂ ಬರೆದಿರುವುದಿಲ್ಲ, ಯಾರಿಗೂ ಮರೆತಿರುವುದಿಲ್ಲ.

ಹುಡುಗಿ ಈ ಸಾಲನ್ನು ಪಟ್ಟಿಯಿಂದ ಹೊಡೆದು ಹಾಕಿದಳು. ಅವಳಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ, ತಾರಸಿಯ ಬೀಗ ಸೆಕ್ಯುರಿಟಿಯವರ ಕೈಯಲ್ಲಿ. ಬಿಸಿಲಿಲ್ಲದವರು ಸಂಡಿಗೆಗೆ ಕೈ ಹಾಕಬಾರದು ಎಂದು ಅಮ್ಮನೂ ಒಪ್ಪಿದಳು.

ಬೇಗ ಮಾಸುವುದು: ಗೋಡೆ

ಪಟ್ಟಿಯ ಒಂಬತ್ತನೆಯ ಸಾಲು ‘ಚಿತ್ತಾರ, ಫ್ಲೆಕ್ಸ್’ ಎಂದಿತ್ತು. ಇಂಟರ್‌ನೆಟ್ಟಿನಲ್ಲಿ ಕಂಡ ಹಸೆ ಚಿತ್ತಾರವನ್ನು ದೊಡ್ಡದಾಗಿ ಮುದ್ರಿಸಿ ವೇದಿಕೆಯ ಹಿಂದೆ ತೂಗುಹಾಕುವ ಯೋಚನೆ. ಇದು ಅಮ್ಮನಿಗೆ ಗೊತ್ತಿಲ್ಲದ ವಿಷಯ. ನಾನು ಕೆಲಸದ ಮೇಲೆ ಸಾಗರ, ಸೊರಬದ ಕಡೆ ಓಡಾಡಿದವಳಾದ್ದರಿಂದ ಇದೊಂದಕ್ಕೆ ಬಾಯಿ ಹಾಕಿದೆ.

ಹಸೆಮಣೆ ಏರುವುದು ಎಂದರೆ ಮದುವೆಯಾಗುವುದು ಎಂದು ಕನ್ನಡ ಬಲ್ಲವರಿಗೆಲ್ಲ ಗೊತ್ತು. ಮಲೆನಾಡಿನ ದೀವರ ಮನೆಗಳಲ್ಲಿ ಆ ಹಸೆಯ ಹಿಂದಿನ ಗೋಡೆಗೂ ಶೃಂಗಾರವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಉತ್ತರ ಕನ್ನಡದ ಸಿದ್ದಾಪುರದ ಕಡೆ ಮದುವೆ ಗೊತ್ತಾದ ಮನೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದು ಒಣಗಿದ ಮೇಲೆ ಚಿತ್ತಾರ ಬರೆಯುತ್ತಾರೆ. ಬಿಳಿಗೆ ಅಕ್ಕಿ ಅರೆದ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆಯ ಬೀಜ. ಕುಂಚ ಅಂಗಡಿಯದ್ದಲ್ಲ, ಪುಂಡಿ ನಾರಿನ ತುದಿ ಜಜ್ಜಿದ್ದು. ಗೆರೆಗಳು ಕೂದಲೆಳೆಯಷ್ಟು ಸಣ್ಣವು, ಒಂದರ ಪಕ್ಕ ಒಂದು ನೆಟ್ಟಗೆ ಓಡುತ್ತವೆ. ಕೈ ಊರಲು ಕೋಲಿಲ್ಲ, ಅಳತೆಗೆ ಪಟ್ಟಿಯಿಲ್ಲ. ನಡುವೆ ದಂಡಿಗೆಯಲ್ಲಿ ಕೂತ ಮದುಮಗ ಮದುಮಗಳು, ಸುತ್ತ ಹಕ್ಕಿ, ಪೈರು. ಬರೆಯುವವರು ಹಾಡಿಕೊಂಡೇ ಬರೆಯುತ್ತಾರೆ.

ಅಕ್ಕಿ ಹಿಟ್ಟಿನ ಗೆರೆಗೆ ಆಯುಸ್ಸು ಕಡಿಮೆ. ಒಲೆಯ ಹೊಗೆ, ಮಳೆಗಾಲದ ತೇವ ಎರಡೂ ಅದನ್ನು ಮಾಸಿಸುತ್ತವೆ. ಮುಂದಿನ ಮದುವೆಗೆ ಗೋಡೆ ಮತ್ತೆ ಕೆಮ್ಮಣ್ಣು ಬಳಿಸಿಕೊಂಡು ಹೊಸದಾಗಿ ಕಾಯುತ್ತದೆ. ಹಾಗೆ ಅಳಿಸಿ ಅಳಿಸಿ ಬರೆದದ್ದರಿಂದಲೇ ಆ ಗೆರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದಿದೆ. ಒಮ್ಮೆ ಬರೆದು ನೂರು ವರ್ಷ ಉಳಿಯುವಂತಿದ್ದರೆ ಮೊಮ್ಮಗಳು ಕಲಿಯುವ ಅಗತ್ಯವೇ ಬೀಳುತ್ತಿರಲಿಲ್ಲ. ಇಂದು ಆ ಕೈಗಳು ಬಟ್ಟೆಯ ಮೇಲೆ, ಕಾಗದದ ಮೇಲೆ ಬರೆದು ಮಾರುತ್ತಲೂ ಇವೆ. ಬೇರೆಯವರಿಗೆ ಆ ಅಂದ ಬೇಕೆನಿಸಿದರೆ ದಾರಿ ಸುಲಭ: ಬರೆಯುವವರನ್ನೇ ಕರೆದು, ಕೂಲಿ ಕೊಟ್ಟು ಬರೆಸುವುದು. ಹುಡುಗಿ ಫ್ಲೆಕ್ಸ್ ಬಿಟ್ಟಳು. ಒಂದು ಸಣ್ಣ ಚಿತ್ತಾರವನ್ನು ಅವರಿಂದಲೇ ಬರೆಸಿ ತಂದು ಹಸೆಯ ಹಿಂದೆ ಇಟ್ಟಳು.

ಒಂದು ಬೆಳಗಿನದ್ದು: ಮೊಗ್ಗಿನ ಜಡೆ

ಪಟ್ಟಿಯ ಕೊನೆಯ ಸಾಲು ಮೊಗ್ಗಿನ ಜಡೆ. ಇದಕ್ಕೆ ಬೇಕಾದ ಹೂವು ಕರ್ನಾಟಕದಲ್ಲಿ ಒಂದೊಂದು ಊರಿಗೆ ಒಂದೊಂದು. ಹೂವಿನಹಡಗಲಿಯದ್ದು, ಉಡುಪಿಯ ಶಂಕರಪುರದ್ದು, ಮೈಸೂರಿನದು, ಈ ಮೂರು ಮಲ್ಲಿಗೆಗೂ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ಕರಾವಳಿಯಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಮಾರುವುದಿಲ್ಲ. ಚೆಂಡಿನ ಲೆಕ್ಕ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ಅಟ್ಟೆಯ ಬೆಲೆ ಬೆಳಗಿನಿಂದ ಬೆಳಗಿಗೆ ಏರುತ್ತದೆ. ಮೈಸೂರು ಮಲ್ಲಿಗೆಯ ಹೆಸರಿಗಂತೂ 1942ರಿಂದ ಇನ್ನೊಂದು ಪರಿಮಳವೂ ಸೇರಿಕೊಂಡಿದೆ. ಕೆ.ಎಸ್. ನರಸಿಂಹಸ್ವಾಮಿಯವರ ಆ ಕವನ ಸಂಕಲನವನ್ನು ಹೊಸ ಜೋಡಿಗೆ ಉಡುಗೊರೆ ಕೊಡುವ ರೂಢಿಯೇ ಬೆಳೆದಿತ್ತು.

ಮದುವೆಗೆ ಎರಡು ವಾರ ಮುಂಚೆ ಹುಡುಗಿ ಒಂದು ತಾಲೀಮು ಮಾಡಿದಳು. ಸಂಜೆ ಆಫೀಸಿನಿಂದ ಬರುವಾಗ ಮೊಗ್ಗು ತಂದು ರಾತ್ರಿ ಊಟವಾದ ಮೇಲೆ ಕೂತಳು. ಹತ್ತು ಸಾಲು ಹೊಲಿಯುವಷ್ಟರಲ್ಲಿ ಮೊದಲ ಸಾಲು ಬಿರಿದಿತ್ತು. ಮಲ್ಲಿಗೆ ಮೊಗ್ಗು ಅರಳುವುದೇ ಸಂಜೆ ಇಳಿಯುವಾಗ. ಹನ್ನೊಂದು ಗಂಟೆಗೆ ಅವಳ ಕೈಯಲ್ಲಿದ್ದದ್ದು ಜಡೆಯಲ್ಲ, ಹೂವಿನ ದಿಂಬು. ಫೋಟೊ ಕಳಿಸಿದ್ದಳು. ಅಮ್ಮ ನೋಡಿ, “ಹೂವಿಗೆ ಗಡಿಯಾರ ಇದೆ ಅಂತ ಗೊತ್ತಾಯ್ತಲ್ಲ, ಸಾಕು” ಎಂದಳು.

ಮುಹೂರ್ತದ ದಿನ ಬೆಳಕು ಹರಿಯುವ ಮುನ್ನವೇ ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಮೊಗ್ಗು ಬಂತು. ಒದ್ದೆ ಬಾಳೆಲೆಯಲ್ಲಿ ಸುತ್ತಿದ್ದನ್ನು ಬಿಚ್ಚಿದಾಗ ಇನ್ನೂ ವಾಸನೆ ಇಲ್ಲ, ಬರೀ ಹಸಿರು ತೊಟ್ಟಿನ ಹಸಿ. ಮೊದಲ ಕೆಲಸ ಆರಿಸುವುದು. ಒಂದೇ ಗಾತ್ರದವು ಈ ಕಡೆ, ತೀರ ಎಳೆಯವು ಆ ಕಡೆ, ತುದಿ ಬಿರಿಯುವ ಲಕ್ಷಣವಿರುವವು ದೇವರ ತಟ್ಟೆಗೆ. ಒಣ ಬಾಳೆಪಟ್ಟೆಯನ್ನು ಜಡೆಯ ಉದ್ದಕ್ಕೆ, ಮೇಲೆ ಮೂರು ಬೆರಳಗಲ, ಕೆಳಗೆ ಎರಡು ಬೆರಳಗಲ ಬರುವಂತೆ ಕತ್ತರಿಸಿಟ್ಟಿದ್ದರು. ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೆಳತುದಿಯಿಂದ ಶುರು ಮಾಡಿದಳು.

“ಮೇಲಿಂದ ಯಾಕೆ ಬೇಡ ಅಜ್ಜಿ?”

“ಹೆಂಚು ಹೊದಿಸೋರು ಎಲ್ಲಿಂದ ಶುರು ಮಾಡ್ತಾರೆ? ಸೂರಿನಿಂದ ತಾನೆ?”

ನಮ್ಮ ಮನೆಯ ರೀತಿಯಲ್ಲಿ ಮೊಗ್ಗಿನ ತುದಿ ಕೆಳಮುಖ, ತೊಟ್ಟು ಮೇಲ್ಮುಖ. ಮೊದಲ ಸಾಲಿನ ತೊಟ್ಟನ್ನು ಎರಡನೆಯ ಸಾಲಿನ ಮೊಗ್ಗು ಮುಚ್ಚುತ್ತದೆ, ಎರಡನೆಯದನ್ನು ಮೂರನೆಯದು. ಮುಗಿದ ಮೇಲೆ ಹಸಿರಿನ ಸುಳಿವೂ ಸಿಗಬಾರದು. ಸೂಜಿ ಹೋಗಬೇಕಾದ್ದು ತೊಟ್ಟಿನಲ್ಲಿ. ಮೊಗ್ಗಿನ ಮೈಗೆ ತಾಗಿದರೆ ಅರ್ಧ ಗಂಟೆಯಲ್ಲಿ ಅಲ್ಲೊಂದು ಕಂದು ಚುಕ್ಕೆ. ದಾರ ಎಳೆಯುವುದರಲ್ಲೂ ಹದವಿದೆ. ಬಿಗಿದರೆ ತೊಟ್ಟು ತುಂಡಾಗುತ್ತದೆ, ಸಡಿಲ ಬಿಟ್ಟರೆ ಹುಡುಗಿ ತಲೆ ಬಾಗಿಸಿ ಹಾರ ಹಾಕಿಸಿಕೊಳ್ಳುವ ಹೊತ್ತಿಗೆ ಸಾಲೇ ಜಾರುತ್ತದೆ. ಎಂಟು ಸಾಲಿಗೊಮ್ಮೆ ಕನಕಾಂಬರದ ಅಡ್ಡಪಟ್ಟಿ, ಅಂಚಿಗೆ ಮರುಗ. ನಾನು ಮೊಗ್ಗು ಆರಿಸಿ ಕೊಡುವ ಕೆಲಸಕ್ಕೆ, ಅಕ್ಕ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸಕ್ಕೆ. ಮದುವಣಗಿತ್ತಿಗೆ ಅಂದು ಸೂಜಿ ಮುಟ್ಟಲು ಬಿಡಲಿಲ್ಲ. ಅವಳು ಎಣಿಸುತ್ತಾ ಕೂತಳು: ಐನೂರರ ಮೇಲೆ ಹನ್ನೆರಡು ಮೊಗ್ಗು, ಮೂರು ಗಂಟೆ ಹೊತ್ತು. ಹೆಣೆದ ಜಡೆಯ ಮೇಲಿಟ್ಟು ಹಿಂದಿನಿಂದ ಕಟ್ಟಿ, ತುದಿಗೆ ಕುಚ್ಚು ಸೇರಿಸಿದಾಗ ಒಂಬತ್ತಾಗಿತ್ತು. ಮುಹೂರ್ತ ಹತ್ತೂವರೆಗೆ.

ಅಮ್ಮನ ಹಳೆಯ ಪೆಟ್ಟಿಗೆಯಲ್ಲಿ ಒಂದು ಕಪ್ಪು ಬಿಳುಪು ಚಿತ್ರವಿದೆ. ಲಂಗ ತೊಟ್ಟು ಬಿಗಿದುಕೊಂಡು ನಿಂತ ಹುಡುಗಿ, ಹಿಂದೆ ನಿಲುಗನ್ನಡಿ, ಕನ್ನಡಿಯಲ್ಲಿ ಮೊಗ್ಗಿನ ಜಡೆ. ಬೇಸಿಗೆ ರಜೆಯಲ್ಲಿ ಹೆಣ್ಣುಮಕ್ಕಳಿಗೆ ಜಡೆ ಹಾಕಿಸಿ ಸ್ಟುಡಿಯೊಗೆ ಕರೆದೊಯ್ಯುತ್ತಿದ್ದ ಕಾಲದ್ದು. ಮುಖವೂ ಬೇಕು, ಜಡೆಯೂ ಬೇಕು, ಖರ್ಚಿಗಿರುವುದು ಒಂದೇ ಚಿತ್ರ. ಅದಕ್ಕೆ ಸ್ಟುಡಿಯೊದವರು ಕಂಡುಕೊಂಡ ಉಪಾಯ ಕನ್ನಡಿ. ಈಗಿನ ಫೋಟೊದವನಿಗೆ ನೂರು ಚಿತ್ರ ತೆಗೆಯಲು ಖರ್ಚೇನೂ ಇಲ್ಲ, ಆದರೂ ಹುಡುಗಿ ಹಟ ಹಿಡಿದು ಛತ್ರದ ವಧುವಿನ ಕೋಣೆಯ ಕನ್ನಡಿಗೆ ಬೆನ್ನು ಮಾಡಿ ಅದೇ ಭಂಗಿಯಲ್ಲಿ ನಿಂತಳು.

ಕೈಗೆ ಎಷ್ಟು ಸಾಕು?

14 ಸಾಲುಗಳ ಪಟ್ಟಿಯಲ್ಲಿ ಕೊನೆಗೆ ಅವಳ ಕೈಯಲ್ಲಿ ನಡೆದದ್ದು ಐದು. ಅದೇ ಹೆಚ್ಚು ಎನ್ನಬೇಕು. ಕೈಯಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆ ಎಂಬುದು ಕಾಗದದ ಚೀಲ, ಕರೆಯೋಲೆಯ ಮಟ್ಟಿಗೆ ಸರಿ. ಕಸೂತಿಗೆ, ಕೆತ್ತನೆಗೆ ಕಲಿಯುವಾಗ ಹಾಳಾಗುವ ಸಾಮಾನಿನ ಬೆಲೆಯೂ ಸೇರುತ್ತದೆ. ಹೊಸಬರು ಕೈ ಹಾಕುವ ಮೊದಲು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ್ದು ಅಮ್ಮನ ಪ್ರಶ್ನೆ. ಇದು ಬಾಡುವುದು ಯಾವಾಗ? ಬಾಡದ್ದಾದರೆ ಒಬ್ಬರೇ, ಬಿಡುವಿನಲ್ಲಿ, ತಪ್ಪು ಮಾಡುತ್ತ ಕಲಿಯಬಹುದು. ಬೇಗ ಬಾಡುವುದಾದರೆ ಜೊತೆಗೆ ಕೈಗಳು ಬೇಕು, ಒಂದು ತಾಲೀಮು ಬೇಕು, ಆ ಹೊತ್ತಿಗೆ ಬೇರೆ ಯಾವ ಕೆಲಸವೂ ಇರಬಾರದು. ಮುಹೂರ್ತದ ಹಿಂದಿನ ರಾತ್ರಿ ಅಂಟು ಹಿಡಿದು ಚೀಲ ಅಂಟಿಸುತ್ತ ಅಳುವ ಮದುವಣಗಿತ್ತಿಯರನ್ನು ನಾನು ನೋಡಿದ್ದೇನೆ. ತಿಂಗಳ ಹಿಂದೆಯೇ ಮುಗಿಯಬಹುದಾಗಿದ್ದ ಕೆಲಸ ಅದು.

ಸಂಜೆ ಆರತಕ್ಷತೆ. ಏಳು ಗಂಟೆಗೆ ವೇದಿಕೆಯ ಹತ್ತಿರ ಹೋದವರೆಲ್ಲ ಒಂದು ಕ್ಷಣ ನಿಂತು ಮೂಗರಳಿಸುತ್ತಿದ್ದರು. ಜಡೆ ಬಿರಿಯಲು ತೊಡಗಿತ್ತು. ಬೆಳಿಗ್ಗೆ ಅಷ್ಟು ಕಷ್ಟಪಟ್ಟು ಹೊಂದಿಸಿದ ಸಾಲು, ಅಂಚು ಯಾವುದೂ ಉಳಿದಿರಲಿಲ್ಲ. ಐನೂರ ಹನ್ನೆರಡೂ ಅರಳಿಕೊಂಡು ಒಂದರ ಮೇಲೊಂದು ಬಿದ್ದಿದ್ದವು.

ಮರುದಿನ ಅದನ್ನು ಬಿಚ್ಚಿ ತೆಂಗಿನ ಬುಡಕ್ಕೆ ಹಾಕುವ ಮೊದಲು ಹುಡುಗಿ ಒಂದು ಹಿಡಿ ಹೂವು ತೆಗೆದಿಟ್ಟುಕೊಂಡಳು. ಮದುವೆಯ ಹೂವನ್ನು ಗಾಜಿನಂಥ ರೆಸಿನ್ನಿನೊಳಗೆ ಹಾಕಿ ಗೋಡೆಗೆ ತೂಗುಹಾಕುವ ಹಾಗೆ ಮಾಡಿಕೊಡುವವರು ಈಗ ಇದ್ದಾರೆ, ಎಷ್ಟು ವರ್ಷವಾದರೂ ಹಾಗೇ ಇರುತ್ತದಂತೆ ಎಂದು ಅಜ್ಜಿಗೆ ವಿವರಿಸಿದಳು. ಫೋನಿನಲ್ಲಿ ಒಂದು ಮಾದರಿಯನ್ನೂ ತೋರಿಸಿದಳು. ಅಮ್ಮ ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ ಎಂದಳು.

“ವಾಸನೆ ಬರುತ್ತೇನೇ?”